ಕೆಳಗಾಲುವೆಯ ನೀರವಂಜಿ

೧೪ ಅಕ್ಟೋಬರ್ ೨೦೦೮, ಮಂಗಳವಾರ. ಬೆಳಿಗ್ಗೆ ೭

ಗೇಜು ೬೨. ಮೋಡ, ಗಾಳಿಯಿಲ್ಲ. ನಿನ್ನೆಯೂ ೬೨, ಮೊನ್ನೆಯೂ ೬೨. ಪ್ರಾತಃಕಾಲದ ಕೀರ್ತನೆ ಮುಗಿಸಿ ಕೆಳಗಾಲುವೆಯ ಕಾಲುಸೇತುವೆಗೆ ಹೋದೆ, ನೀರಿನ ಎತ್ತರ ತೋರಿಸುವ ಸೆಂಟಿಮೀಟರ್ ಪಟ್ಟಿ ನೋಡಿದೆ, ಬಂದೆ. ಮೂವತ್ತೇಳು ವರ್ಷಗಳಿಂದ ಇದೇ ಕ್ರಮ — ಮೊದಲು ದೇವರ ಸನ್ನಿಧಿ, ಅನಂತರ ನೀರಿನ ದರ್ಶನ. ಸರ್ಕಾರದ ನೀರಿನ ಕಚೇರಿಗೆ ಅಂಕಿ ಬೇಕು, ಇಗರ್ಜಿಗೆ ಕಂಠ ಬೇಕು. ಎರಡನ್ನೂ ಈ ಊರಿನಲ್ಲಿ ನನಗೇ ವಹಿಸಿದ್ದಾರೆ.

ಇಂದು ಸಂತ ಪರಸ್ಕೇವಾಳ ಹಬ್ಬ. ಯಾರೂ ಬಟ್ಟೆ ಒಗೆಯರು. ತಂಗಿ ದೋಕಿಯಾ ಇಗರ್ಜಿಯ ಮೆಟ್ಟಿಲಿನಲ್ಲೇ ಅಡ್ಡಗಟ್ಟಿದಳು, ನಾಲ್ಕು ಜನರ ಎದುರಿಗೆ.

"ಏನಣ್ಣಾ, ನನ್ನ ಬಾನಿ ನಿನಗಿಂತ ದೊಡ್ಡ ಭಕ್ತ ಕಣೋ. ನೀವೆಲ್ಲ ವರ್ಷಕ್ಕೆ ಒಂದಿನ ಪರಸ್ಕೇವಾ ಹಬ್ಬ ಮಾಡ್ತೀರಿ. ಅದು ಮೇ ತಿಂಗಳಿಂದ ಒಗೆಯೋದು ಬಿಟ್ಟು ಕೂತಿದೆ!"

ನಗುವವರು ನಕ್ಕರು. ನಾನು ನಗಲಿಲ್ಲ.

"ಹೂಳು ತೆಗೆಸಿದ್ದೀಯಾ?"

"ತೆಗೆಸೋದೇನು, ಸೊಂಟದವರೆಗೆ ಇಳಿದು ನಾನೇ ತೆಗ್ದೆ. ಅರವತ್ತೆರಡು ವರ್ಷದ ಸೊಂಟ. ನೀನು ಬಂದು ಪಟ್ಟಿ ನೋಡ್ಕೊಂಡು ಹೋದೆ, ನನ್ನನ್ನ ನೋಡ್ಲಿಲ್ಲ."

ಅವಳದು ಸುಳಿಬಾನಿ. ನೆಲದಲ್ಲಿ ಹೂತ ದೊಡ್ಡ ಮರದ ಬಾನಿ. ಮೇಲ್ಗಾಲುವೆಯ ನೀರು ಮರದ ನಾಳದಿಂದ ಅದರೊಳಕ್ಕೆ ಧುಮುಕಬೇಕು, ಧುಮುಕಿದ ರಭಸಕ್ಕೆ ಸುಳಿ ಏಳಬೇಕು, ಆ ಸುಳಿಯಲ್ಲಿ ಊರಿನ ಉಣ್ಣೆಗಂಬಳಿಗಳು ತಿರುತಿರುಗಿ ಶುಚಿಯಾಗಬೇಕು. ಅನಂತರ ನೀರು ಕೆಳಗಾಲುವೆ ಹಿಡಿದು ಇನ್ನೂರು ಹೆಜ್ಜೆ ನಡೆದು ಕೊಸಾವ್ ಹೊಳೆಯನ್ನು ಸೇರಬೇಕು. ಈಗ ಕೆಳಗಾಲುವೆಯ ನೀರೇ ಹಿಂದಕ್ಕೆ ಏರಿ ನಾಳದ ಬಾಯಿಯ ಮಟ್ಟಕ್ಕೆ ನಿಂತಿದೆ. ಧುಮುಕಲು ಎಡೆಯಿಲ್ಲದ ನೀರು ಹೇಗೆ ಸುಳಿದೀತು?

ಆದರೂ ನೀರು ಹೆಚ್ಚಾದದ್ದನ್ನು ದೂರುವುದು ಕೃತಘ್ನತೆ ಎನಿಸಿತು. ಕೆಳಗಾಲುವೆಯ ಎರಡೂ ದಂಡೆಯ ನೀರವಂಜಿಯೆಲ್ಲ ಹರಸಿದ ಗಿಡ. ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರ, ಇಗರ್ಜಿಯಲ್ಲಿ ಹರಸಿ ಹಂಚಿದ ನೀರವಂಜಿಯ ಕಡ್ಡಿಗಳನ್ನು ಜನ ಮನೆಗೆ ಹೋಗುವಾಗ ಅಲ್ಲಿ ಊರುತ್ತಾರೆ, ಊರಿದ್ದು ಚಿಗುರುತ್ತದೆ, ಚಿಗುರಿದ್ದನ್ನು ಕಡಿಯುವಂತಿಲ್ಲ. ಹಾಗೆಂದು ಹೇಳಿಕೊಟ್ಟವನು ನಾನೇ. ನಾನು ಗೇಜು ನೋಡಲು ತೊಡಗಿದ ವರ್ಷ ಈ ತಿಂಗಳಲ್ಲಿ ೩೦ ಇತ್ತು; ಈಗ ೬೨. ಗಿಡ ಹೆಚ್ಚಿದಂತೆ ನೀರು ಹೆಚ್ಚಿದೆ, ಇದು ಪ್ರತ್ಯಕ್ಷ ಅನುಗ್ರಹ ಎಂದು ಪ್ರತಿವರ್ಷ ಸಭೆಯ ಮುಂದೆ ಅಂಕಿಸಮೇತ ಓದಿದ್ದೇನೆ.

೨೨ ಅಕ್ಟೋಬರ್, ಬುಧವಾರ

ಗೇಜು ೬೨. ಕ್ಲುಜ್ ನಗರದಿಂದ ಒಬ್ಬ ಇಂಜಿನಿಯರ್ ಬಂದಿದ್ದಾಳೆ. ರುಕ್ಸಾಂದ್ರಾ. ಮೂವತ್ತು ತುಂಬಿರದು. ತೊಡೆಯವರೆಗಿನ ರಬ್ಬರ್ ಬೂಟು. ದಂಡೆಯ ಪೊದೆಗಳು ಸಣ್ಣ ಕಾಲುವೆಗಳ ಹರಿವನ್ನು ಏನು ಮಾಡುತ್ತವೆ ಎಂಬುದು ಅವಳ ಅಧ್ಯಯನವಂತೆ. ಕೋಲಿನ ತುದಿಗೆ ಪುಟ್ಟ ಫ್ಯಾನಿನಂಥ ಚಕ್ರ. ಅದನ್ನು ಅಲ್ಲಲ್ಲಿ ಮುಳುಗಿಸಿ, ಅದು ಎಷ್ಟು ಸುತ್ತು ತಿರುಗಿತೆಂದು ಬರೆದುಕೊಳ್ಳುತ್ತಾಳೆ.

ದೋಕಿಯಾ ಬೇಲಿಯ ಮೇಲಿಂದ: "ಏನಮ್ಮಾ, ನೀರಿಗೆ ಜ್ವರ ನೋಡ್ತಾ ಇದೀಯಾ?"

"ಹೌದಜ್ಜಿ. ನಾಡಿ ತುಂಬಾ ನಿಧಾನ ಇದೆ."

"ಅದು ನಮ್ಮಣ್ಣನ ಶಿಷ್ಯ. ಅವನೂ ಹಾಗೇ. ಒಂದು ಸಾಲು ಹಾಡೋಷ್ಟರಲ್ಲಿ ಮುದ್ದೆ ತಣ್ಣಗಾಗುತ್ತೆ."

ಹುಡುಗಿ ನನ್ನ ಗೇಜಿನ ಪುಸ್ತಕಗಳನ್ನು ಕೇಳಿದಳು. ಮೂವತ್ತೇಳು ಪುಸ್ತಕ. ಒಂದು ದಿನವೂ ತಪ್ಪಿಲ್ಲ. ಕೈ ತೊಳೆದುಕೊಂಡು ಮುಟ್ಟಿದಳು — ಸಂತೋಷವಾಯಿತು. ಊಟಕ್ಕೆ ಉಳಿಸಿಕೊಂಡೆವು. ಮೆಕ್ಕೆಜೋಳದ ಮುದ್ದೆ, ಗಿಣ್ಣು, ಹುಳಿ ಹಾಕಿದ ಕೋಸು. ನನ್ನ ಹೆಂಡತಿ ಪಲಾಗಿಯಾ ಮೂರು ಸಲ ಬಡಿಸಿದಳು.

೧೨ ನವೆಂಬರ್, ಬುಧವಾರ

ಗೇಜು ೫೧. ಎಲೆಯೆಲ್ಲ ಉದುರಿತು. ಮೇಲ್ಗಾಲುವೆಯ ತೂಬನ್ನು ಯಾರೂ ಮುಟ್ಟಿಲ್ಲ; ಬರುವ ನೀರು ಅಷ್ಟೇ. ಹತ್ತೇ ದಿನದಲ್ಲಿ ಹನ್ನೊಂದು ಸೆಂಟಿಮೀಟರ್ ಇಳಿಯಿತು. ಪ್ರತಿವರ್ಷ ಇಳಿಯುತ್ತದೆ. ಚಳಿಗಾಲದ ನಿಯಮವೆಂದು ತಿಳಿದಿದ್ದೆ. ಈ ಸಲ ಬೇರೊಂದು ಯೋಚನೆ ಹೊಕ್ಕಿತು…

ದೋಕಿಯಾಳ ಬಾನಿ ನಿನ್ನೆಯಿಂದ ಕುಂಟುತ್ತ ತಿರುಗುತ್ತಿದೆ. ತೆಳು ಹೊದಿಕೆ ಒಗೆಯಬಹುದು, ಕಂಬಳಿ ಅಲ್ಲ.

೨೯ ನವೆಂಬರ್, ಶನಿವಾರ

ರುಕ್ಸಾಂದ್ರಾ ಎರಡನೆಯ ಬಾರಿ ಅಳತೆಗೆ ಬಂದಳು. ಸಂಜೆ ಒಲೆಯ ಬಳಿ ಕುಳಿತು, ನನ್ನ ಮುಖ ನೋಡದೆ ಹೇಳಿದಳು:

"ತಾತ, ನಿಮ್ಮ ಗೇಜು ಒಂದಿನಾನೂ ಸುಳ್ಳು ಹೇಳಿಲ್ಲ. ಆದ್ರೆ ನೀರು ಜಾಸ್ತಿ ಆಗಿಲ್ಲ. ನಾನು ಅಳೆದೆ. ಆಗ ಎಷ್ಟು ಬರ್ತಿತ್ತೋ ಈಗಲೂ ಅಷ್ಟೇ. ಮುಂದಕ್ಕೆ ಹೋಗೋಕೆ ಆಗದೆ ನಿಂತಿದೆ. ನಿಂತಿದ್ದಕ್ಕೆ ಎತ್ತರ."

"ಪೊದೆಯಿಂದಲೇ?"

"ಎಲ್ಲಾ ಪೊದೆಯಿಂದ ಅಲ್ಲ. ಬೆರಳು ಗಾತ್ರದ ಗಿಡ ನೀರು ಬಂದ್ರೆ ಮಲಗುತ್ತೆ, ಮೇಲಿಂದ ದಾಟಿಸುತ್ತೆ. ತೊಡೆ ಗಾತ್ರ ಆದ್ಮೇಲೆ ಬಗ್ಗಲ್ಲ. ಕಸ ಹಿಡಿಯುತ್ತೆ. ಅದರ ಹಿಂದೆ ನೀರು ನಿಲ್ಲುತ್ತೆ, ನೀರು ನಿಂತ ಕಡೆ ಮಣ್ಣು ಕೂರುತ್ತೆ, ಮಣ್ಣು ಕೂತ ಕಡೆ ಇನ್ನೊಂದು ಪೊದೆ. ಬೇಸಿಗೇಲಿ ಎಲೆ ಬೇರೆ."

ಪಲಾಗಿಯಾ ನೂಲುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಮೂವತ್ತೇಳು ವರ್ಷ ನಾನು ಅನುಗ್ರಹವೆಂದು ಓದಿದ್ದು ತಡೆಯನ್ನು.

೩೦ ನವೆಂಬರ್, ಭಾನುವಾರ

ಗೇಜು ೫೧. ಕೀರ್ತನೆಯ ನಡುವೆ ಸಾಲು ತಪ್ಪಿತು. ಯಾರಿಗೂ ತಿಳಿಯಲಿಲ್ಲ. ಇಗರ್ಜಿಯ ಯೆರೆಮಿಯಾ ಗುರುಗಳಿಗೆ ಮಾತ್ರ ತಿಳಿಯಿತು.

೧೮ ಜನವರಿ ೨೦೦೯, ಭಾನುವಾರ

ಗೇಜು ೪೯, ಅಂಚಿನಲ್ಲಿ ಹಿಮಗಡ್ಡೆ. ಏಳು ವಾರ ಅಂಕಿಯಲ್ಲದೆ ಬೇರೇನೂ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲವೆಂದಲ್ಲ.

ಪಟ್ಟಣದ ಮ್ಯೂಸಿಯಮ್ಮಿನವರು ದೋಕಿಯಾಳ ಮನೆಗೆ ಬಂದಿದ್ದರು. ಬಾನಿಯನ್ನು ಹಲಗೆ ಹಲಗೆ ಬಿಚ್ಚಿ ಒಯ್ದು, ಹುಲ್ಲುಹಾಸಿನ ಮೇಲೆ ಜೋಡಿಸಿ, ಹಳೆಯ ಕಾಲದ ವಸ್ತುವೆಂದು ತೋರಿಸುತ್ತಾರಂತೆ. ಈಸ್ಟರಿನೊಳಗೆ ಉತ್ತರ ಕೊಡಬೇಕಂತೆ.

"ನೀರಿಲ್ಲದೆ ಇಡ್ತಾರಂತೆ," ಎಂದಳು. "ಪಕ್ಕದಲ್ಲಿ ಬೋರ್ಡು. ನನ್ನನ್ನೂ ಒಯ್ದು ಪಕ್ಕ ನಿಲ್ಲಿಸಿ ಅಂದೆ. ನಕ್ಕರು. ನಾನು ತಮಾಷೆ ಮಾಡ್ಲಿಲ್ಲ."

"ಕೊಡ್ತೀಯಾ?"

"ತಿರುಗದೆ ಇರೋ ಬಾನಿ ಹಿತ್ತಲಲ್ಲಿ ಇದ್ರೇನು, ಮ್ಯೂಸಿಯಮ್ಮಲ್ಲಿ ಇದ್ರೇನು? ಅಮ್ಮ ಒಗೆದಿದ್ದು, ಅಜ್ಜಿ ಒಗೆದಿದ್ದು. ನನ್ನ ಕೈಯಲ್ಲಿ ನಿಂತುಹೋಯ್ತು. ಬೆಳಿಗ್ಗೆ ಎದ್ರೆ ಆ ಸದ್ದು ಇಲ್ದೆ ಕಿವಿ ಭಣಗುಟ್ಟುತ್ತೆ ಅಣ್ಣಾ."

ಅವಳಿಗೆ ಮಕ್ಕಳಿಲ್ಲ. ಗಂಡ ತೀರಿ ಹನ್ನೆರಡು ವರ್ಷ. ಆ ಸದ್ದೊಂದೇ ಮನೆಯಲ್ಲಿ ಓಡಾಡುತ್ತಿದ್ದ ಜೀವ.

೧೧ ಫೆಬ್ರವರಿ, ಬುಧವಾರ

ಗೇಜು ೫೦. ರುಕ್ಸಾಂದ್ರಾ ಬಂದು ಗಿಡಗಳಿಗೆ ಕೆಂಪು ದಾರ ಕಟ್ಟಿಹೋದಳು. ಕಾಲುವೆಯೊಳಕ್ಕೆ ಕಾಲಿಟ್ಟ, ಬಗ್ಗದ ಇಪ್ಪತ್ತಮೂರು ಬುಡ. ಅವನ್ನು ಮಾತ್ರ ಕಡಿಯಬೇಕು, ಚಿಗುರುವ ಮುನ್ನ, ಹಿಮ ಕರಗಿ ನೀರು ನುಗ್ಗುವ ಮುನ್ನ. ಎಳೆಯವನ್ನೆಲ್ಲ ಬಿಡಬೇಕು, ಬುಡಸಹಿತ ಬೋಳಿಸಿದ ದಂಡೆ ಒಂದೇ ಮಳೆಗಾಲದಲ್ಲಿ ಕುಸಿಯುತ್ತದಂತೆ.

"ಎಲ್ಲಕ್ಕಿಂತ ಮೊದಲು ಇದು," ಎಂದಳು. ಕಾಲುಸೇತುವೆಯ ಕೆಳಗೆ ಬಾಗಿ ಅರ್ಧ ಕಾಲುವೆಯನ್ನು ಆಕ್ರಮಿಸಿರುವ ಮುದಿ ನೀರವಂಜಿ. "ಇದೊಂದು ನಿಂತಿದ್ರೆ ಮಿಕ್ಕಿದ್ದೆಲ್ಲಾ ಕಡಿದೂ ಪ್ರಯೋಜನ ಇಲ್ಲ. ಇದು ಯಾರದು ತಾತ?"

ಗೊತ್ತಿಲ್ಲವೆಂದೆ. ಸುಳ್ಳು.

ಬರೆಯಬೇಕು. ಇಷ್ಟು ವರ್ಷ ಇಲ್ಲೂ ಬರೆದಿಲ್ಲ.

೧೯೬೮. ದೋಕಿಯಾಳಿಗೆ ಇಪ್ಪತ್ತೊಂದು. ಚೊಚ್ಚಲು, ಗಂಡುಕೂಸು. ಎರಡೇ ದಿನ ಬದುಕಿತು. ಹಿಮ ಬಿದ್ದು ದಾರಿ ಕಟ್ಟಿತ್ತು; ಆಗಿನ ಗುರುಗಳಿಗೆ ಬರಲಾಗಲಿಲ್ಲ. ಅಂಥ ಸಂಕಟದಲ್ಲಿ ಯಾವ ಕ್ರೈಸ್ತನಾದರೂ ನೀರೆರೆದು ಜ್ಞಾನಸ್ನಾನ ಕೊಡಬಹುದೆಂಬ ವಿಧಿಯುಂಟು. ಮನೆಯವರಿಗೆ ತಿಳಿದಿರಲಿಲ್ಲ. ತಿಳಿದಿದ್ದ ನಾನು ಮೇಲಿನ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋಗಿದ್ದೆ. ಜ್ಞಾನಸ್ನಾನವಿಲ್ಲದೆ ಹೋದ ಕೂಸೆಂದು ಸಮಾಧಿಭೂಮಿಯ ಬೇಲಿಯ ಹೊರಗೆ ಮಣ್ಣು ಮಾಡಿದರು. ಹೆಸರಿಲ್ಲ. ಕೀರ್ತನೆಯಿಲ್ಲ.

ಆ ವರ್ಷದ ಗರಿಗಳ ಭಾನುವಾರ. ಹೆರಿಗೆಯ ನಲವತ್ತು ದಿನ ತುಂಬಿರಲಿಲ್ಲ, ಇಗರ್ಜಿಯೊಳಗೆ ಬರುವಂತಿಲ್ಲ. ಹೊರಗೆ ನಿಂತಿದ್ದಳು. ಹರಸಿದ ಕಡ್ಡಿಯೊಂದನ್ನು ಒಯ್ದು ಕೊಟ್ಟೆ. ಕೇಳಿದಳು: "ಅಣ್ಣಾ, ನೀನು ಹಳೇ ಪುಸ್ತಕ ಎಲ್ಲಾ ಓದಿದ್ದೀಯಲ್ಲ. ನೀರು ಸಿಗದೆ ಹೋದ ಕೂಸಿಗೆ ಏನೂ ಇಲ್ವಾ? ಏನೂ?"

ಏನೂ ಇರಲಿಲ್ಲ. ನಾನು ಓದಿದ ಯಾವ ಗ್ರಂಥದಲ್ಲೂ ಇರಲಿಲ್ಲ. ಬಾಯಿ ಹೇಳಿತು: "ಇದೆ. ಹರಸಿದ ಕಡ್ಡಿಯನ್ನು ಹರಿಯುವ ನೀರಿನ ಅಂಚಿಗೆ ಊರಬೇಕು. ಬೇರು ಬಿಟ್ಟರೆ, ಆ ಬೇರು ಕುಡಿದ ನೀರು ಕೂಸಿಗೆ ಸಂದ ಹಾಗೆ. ಬರೆದಿದೆ."

ಬರೆದಿದೆ! ನನಗಾಗ ಮೂವತ್ತು ವರ್ಷ.

ಅವಳು ಊರಿದಳು. ಚಿಗುರಿತು. ಮರುವರ್ಷ ಕೂಸು ಕಳೆದುಕೊಂಡ ಇನ್ನಿಬ್ಬರು ಊರಿದರು. ಅದರ ಮುಂದಿನ ವರ್ಷ ಇಡೀ ಊರು. ಬೇಡವೆನ್ನಲು ಬಾಯಿ ಬರಲಿಲ್ಲ. ಆಮೇಲೆ ಗೇಜು ಏರತೊಡಗಿತು, ದೇವರೇ ನನ್ನ ಸುಳ್ಳಿಗೆ ಸಹಿ ಹಾಕಿದನೆಂದು ನಂಬಿದೆ.

ಆ ಮುದಿ ಗಿಡ ದೋಕಿಯಾಳದು.

೧೫ ಫೆಬ್ರವರಿ, ಭಾನುವಾರ

ಗೇಜು ೫೦. ಪೂಜೆಯ ಬಳಿಕ ಗುರುಗಳು ವಿಷಯ ತೆಗೆದರು. ರುಕ್ಸಾಂದ್ರಾ ಅವರಲ್ಲಿಗೂ ಹೋಗಿದ್ದಳಂತೆ.

"ನಾನು ಹರಸಿ ಕಡಿಸಬಲ್ಲೆ ಗವ್ರಿಲಾ ಮಾವ. ಆದ್ರೆ ಜನ ನನ್ನ ಮಾತು ಕೇಳಲ್ಲ. ನಾನು ಬಂದು ಆರು ವರ್ಷ. ಕೆಂಪು ದಾರ ನೋಡಿ ಹಾಫಿಯಾ ಅಜ್ಜಿ ನನಗೇ ಕೇಳಿದ್ರು — ಗವ್ರಿಲಾ ಏನಂತಾನೆ? ಅವನ ಪುಸ್ತಕ ಏನನ್ನುತ್ತೆ?"

"ಪುಸ್ತಕ ಏನೂ ಅನ್ನೋದಿಲ್ಲ, ಗುರುಗಳೇ."

ಹೇಳಿಬಿಟ್ಟೆ. ಎಲ್ಲವನ್ನೂ. ತರುಣ, ನನ್ನ ಮಗನ ವಯಸ್ಸಿನವರು. ಗಡ್ಡ ಸವರಿಕೊಂಡರು.

"ಮೊದಲು ನನಗೆ ಹೇಳಬೇಕಾದ್ದಲ್ಲ ಇದು," ಎಂದರು. "ಮೊದಲು ದೋಕಿಯಾ ಅವರಿಗೆ ಹೇಳಿ. ಊರು ಆಮೇಲೆ."

"ಅವಳಿಗೆ ಬಾನಿ ಉಳಿಸಲು ಹೋಗಿ ಕೂಸನ್ನು ಎರಡನೇ ಸಲ ಕಿತ್ತುಕೊಂಡ ಹಾಗಾಗುತ್ತದೆ."

"ಇರಬಹುದು. ಹೇಳದೆ ಬಿಟ್ರೆ ಬಾನಿನೂ ಹೋಗುತ್ತೆ, ಸುಳ್ಳೂ ಉಳಿಯುತ್ತೆ. ಆರಿಸ್ಕೊಳ್ಳಿ."

೧ ಮಾರ್ಚ್, ಕ್ಷಮೆಯ ಭಾನುವಾರ

ಗೇಜು ೫೨. ನಾಳೆಯಿಂದ ತಪಸ್ಸುಕಾಲ, ಈಸ್ಟರಿನವರೆಗೆ ಉಪವಾಸ. ಊರಿಗೆ ಊರೇ ಒಬ್ಬರ ಮುಂದೊಬ್ಬರು ಬಾಗಿ "ಕ್ಷಮಿಸು" ಎನ್ನುವ ದಿನ. ಉತ್ತರವೂ ನಿಗದಿ: "ದೇವರು ಕ್ಷಮಿಸಲಿ." ವರ್ಷದ ಜಗಳಗಳು ಹೀಗೆ ಒಂದು ತಾಸಿನಲ್ಲಿ ತೀರುತ್ತವೆ; ತೀರದವು ಮುಂದಿನ ವರ್ಷಕ್ಕೆ.

ದೋಕಿಯಾಳ ಅಂಗಳಕ್ಕೆ ಹೋಗಿ ಬಾಗಿದೆ. ಮೊಣಕಾಲೂರಿದೆ.

"ದೇವರು ಕ್ಷಮಿಸ್ಲಿ, ಏಳು ಏಳು. ಏನ್ ಮಾಡ್ದೆ ಅಂಥದ್ದು? ನನ್ನ ಕೋಳಿ ಕದ್ದೆಯಾ?"

ಏಳಲಿಲ್ಲ. ಹೇಳಿದೆ. ಕಟ್ಟಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಮರೆತುಹೋದವು. ತೊದಲಿದೆ.

"ಬರೆದಿಲ್ವಾ?"

"ಇಲ್ಲ."

"ಎಲ್ಲೂ?"

"ಎಲ್ಲೂ ಇಲ್ಲಮ್ಮಾ. ನೀನು ಅಳುತ್ತಿದ್ದೆ. ನನಗೆ ತಡೆಯಲಾಗಲಿಲ್ಲ."

ತಲೆವಸ್ತ್ರದ ತುದಿಯನ್ನು ಮಡಿಸುತ್ತ, ಬಿಡಿಸುತ್ತ ನಿಂತಳು. ನನಗಲ್ಲ, ತನಗೇ ಎಂಬಂತೆ ಕೇಳಿದಳು:

"ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ?"

ದಿನವೂ ಬೆಳಿಗ್ಗೆ ಅವಳು ಆ ಗಿಡದ ಬಳಿ ನಿಲ್ಲುವುದನ್ನು ಗೇಜು ನೋಡುವಾಗ ಕಂಡಿದ್ದೇನೆ. ಪ್ರಾರ್ಥನೆಯೆಂದುಕೊಂಡಿದ್ದೆ. ಮಾತಾಡುತ್ತಿದ್ದಳು. ಮಗನೊಡನೆ.

ಒಳಗೆ ಹೋದಳು. ಅಗುಳಿ ಬಿದ್ದ ಸದ್ದು.

೩ ಮಾರ್ಚ್

ಗೇಜು ೫೨. ಬಾಗಿಲು ಮುಚ್ಚಿತ್ತು.

೪ ಮಾರ್ಚ್

೫೩. ಮುಚ್ಚಿತ್ತು. ಪಲಾಗಿಯಾ ಅವರೆ ಸಾರು ಒಯ್ದಳು. ಪಾತ್ರೆ ಒಳಗೆ ಹೋಯಿತು. ಅಗುಳಿ ಮತ್ತೆ ಬಿತ್ತು.

೬ ಮಾರ್ಚ್

೫೩. ಗಿಡದ ಬಳಿ ಅವಳ ಹೆಜ್ಜೆ ಇಲ್ಲ. ಹಿಮ ಬಿದ್ದು ಮೂರು ದಿನ; ಗುರುತೇ ಇಲ್ಲ. ದೇವರೇ, ನಾನು ಏನು ಕೆಡವಿದೆ.

೯ ಮಾರ್ಚ್, ಸೋಮವಾರ. ನಲವತ್ತು ಹುತಾತ್ಮರ ದಿನ

ಗೇಜು ಬೆಳಿಗ್ಗೆ ೫೪.

ಪಲಾಗಿಯಾ ಜೇನು ಸವರಿದ ಎಂಟರಾಕಾರದ ರೊಟ್ಟಿ ಸುಡುತ್ತಿದ್ದಳು. ಬಾಗಿಲಲ್ಲಿ ದೋಕಿಯಾ. ಹೆಗಲ ಮೇಲೆ ಇಬ್ಬರು ಹಿಡಿಯುವ ಗರಗಸ.

"ಎದ್ದೇಳು. ಇನ್ನೊಂದು ಹಿಡಿ ಹಿಡ್ಕೊಳ್ಳೋಕೆ ಯಾರೂ ಇಲ್ಲ."

"ದೋಕಿಯಾ, ಸ್ವಲ್ಪ ಯೋಚನೆ ಮಾಡು…"

"ಎಂಟು ದಿನ ಮಾಡಿದ್ದೀನಿ. ನೀನು ನಲವತ್ತೊಂದು ವರ್ಷ ಮಾಡ್ದೆ. ಸಾಕು."

ಪಲಾಗಿಯಾ ಅವಳ ಕೈಗೆ ರೊಟ್ಟಿ ಇಟ್ಟಳು. "ತಿಂದು ಹೋಗೇ. ಇವತ್ತು ಗಂಡಸರು ನಲವತ್ತು ಲೋಟ ದ್ರಾಕ್ಷಾರಸ ಕುಡೀಬೇಕಂತೆ. ಇವರು ನಾಲ್ಕಕ್ಕೇ ಕೀರ್ತನೆ ಮರೀತಾರೆ. ಕುಡಿಯೋಕೆ ಮುಂಚೆ ಕರ್ಕೊಂಡು ಹೋಗೋದೇ ಒಳ್ಳೇದು."

ದೋಕಿಯಾ ನಗಲಿಲ್ಲ. ಆದರೆ ತಿಂದಳು.

ಮುದಿ ಬುಡ. ಸೇತುವೆಯ ಹಲಗೆಯ ಮೇಲೆ ಅವಳು, ದಂಡೆಯಲ್ಲಿ ನಾನು. ಎಪ್ಪತ್ತೊಂದರ ನನ್ನ ತೋಳಿಗೆ ಹಿಡಿತ ಸಿಗಲಿಲ್ಲ. ಗರಗಸ ಬಾಗಿ ಕಚ್ಚಿಕೊಂಡಿತು.

"ತಳ್ಳಬೇಡ! ಎಳಿ, ಅಷ್ಟೇ. ನಾನು ಎಳೆದಾಗ ಬಿಟ್ಟುಬಿಡು. ಬಿಡೋದು ನಿನಗೆ ಯಾವತ್ತೂ ಬರಲಿಲ್ಲ."

ಎಳೆದೆ, ಬಿಟ್ಟೆ. ಎಳೆದೆ, ಬಿಟ್ಟೆ. ಅರ್ಧಕ್ಕೆ ಬಂದಾಗ ಇಬ್ಬರಿಗೂ ಉಸಿರು ಕಟ್ಟಿತು. ಕುಳಿತೆವು. ಬುಡದ ಗಾಯದಿಂದ ಹಸಿ ತೊಗಟೆಯ ಕಹಿ ವಾಸನೆ. ಹೊಳೆಯ ಕಡೆ ನೋಡುತ್ತ ಹೇಳಿದಳು:

"ಆ ಏಪ್ರಿಲ್‌ನಲ್ಲಿ ನಾನು ಮೇಲ್ಗಾಲುವೆ ಹತ್ರ ಜಾಗ ನೋಡಿ ಇಟ್ಟಿದ್ದೆ. ತೂಬಿನ ಪಕ್ಕ, ಬಿದ್ರೆ ಏಳೋಕಾಗದಷ್ಟು ಆಳ ಇರೋ ಕಡೆ. ಗರಿಗಳ ಭಾನುವಾರ ಮುಗೀಲಿ ಅಂತಿದ್ದೆ. ನೀನು ಕಡ್ಡಿ ಕೊಟ್ಟೆ. ಬೇರು ಬಿಡುತ್ತಾ ನೋಡೋಣ ಅಂತ ಒಂದು ವಾರ ತಡೆದೆ. ಇನ್ನೊಂದು ವಾರ ತಡೆದೆ."

ಅವಳ ಕೈ ಹಿಡಿಯಲು ಹೋದೆ.

"ಹಾಗಂತ ಕ್ಷಮಿಸಿದ್ದೀನಿ ಅನ್ಕೋಬೇಡ. ಕ್ಷಮಿಸಿಲ್ಲ. ನಲವತ್ತೊಂದು ವರ್ಷ ನಿನ್ನ ಪುಸ್ತಕಕ್ಕೆ ಕೈಮುಗಿದೆ. ಈಗ ಯಾರಿಗೆ ಮುಗೀಲಿ, ನಿನ್ನ ಮೂತಿಗಾ? ಏಳು. ಎಳಿ."

ಮಧ್ಯಾಹ್ನದ ಗಂಟೆಗೆ ಉರುಳಿತು. ಬೀಳುವ ಕ್ಷಣ ಅವಳು ಗರಗಸ ಬಿಟ್ಟು ಎರಡೂ ಕೈಯಿಂದ ಕಾಂಡವನ್ನು ತಬ್ಬಿ ಹಿಡಿದಳು, ನೀರಿಗೆ ಬೀಳದಂತೆ, ಮೆಲ್ಲಗೆ, ತೊಟ್ಟಿಲಿಂದ ಎತ್ತುವ ಹಾಗೆ… ಭಾರ ಹೆಚ್ಚು. ನಾನೂ ಹಿಡಿದೆ. ಇಬ್ಬರೂ ಸೇರಿ ದಂಡೆಯ ಮೇಲೆ ಮಲಗಿಸಿದೆವು. ಬುಡದ ಹಿಂದೆ ಕಟ್ಟಿದ್ದ ಕಪ್ಪು ಮಣ್ಣು ಕಣ್ಣೆದುರೇ ಕರಗಿ ಹೊರಟಿತು.

ಗೇಜು ಸಂಜೆ ೪೬.

೧೫ ಮಾರ್ಚ್, ಭಾನುವಾರ

ಸಭೆಯ ಮುಂದೆ ನಿಂತೆ. ಅಂಕಿ ಓದುವ ಅದೇ ಜಾಗದಲ್ಲಿ. ಬರೆದಿಲ್ಲದ್ದನ್ನು ಬರೆದಿದೆಯೆಂದು ಹೇಳಿದವನು ನಾನು ಎಂದೆ. ನೀರು ಹೆಚ್ಚಾಗಿಲ್ಲ, ನಿಂತಿತ್ತು ಎಂದೆ. ಯಾರಿಗಾಗಿ ಹೇಳಿದೆನೆಂಬುದನ್ನು ಮಾತ್ರ ಹೇಳಲಿಲ್ಲ, ಅದು ಅವಳದು.

ಹೆಂಗಸರ ಕಡೆಯಿಂದ ಹಾಫಿಯಾ:

"ಅಯ್ಯೋ ನನ್ನಪ್ಪಾ! ಮೂವತ್ತು ವರ್ಷ ಆ ಗಿಡಕ್ಕೆ ಮೇಕೆ ಬಾಯಿ ಹಾಕದ ಹಾಗೆ ಕಾದೆನಲ್ಲ! ಎಷ್ಟು ಮೇಕೆಗೆ ಹೊಡೆದಿದ್ದೀನಿ, ಪಾಪದವು! ಈಗ ಅವಕ್ಕೆ ಯಾರು ಕ್ಷಮೆ ಕೇಳ್ತಾರೆ?"

ಇಗರ್ಜಿಯಲ್ಲಿ ನಗಬಾರದು. ನಕ್ಕರು. ಕೆಲವರು ನಗಲಿಲ್ಲ, ಅಂದು ಕೂಸು ಕಳೆದುಕೊಂಡು ಕಡ್ಡಿ ಊರಿದ್ದ ಇಬ್ಬರು ತಾಯಂದಿರು ತಲೆಯೆತ್ತದೆ ಹೊರಗೆ ನಡೆದರು. ದೋಕಿಯಾ ಅವರ ಹಿಂದೆ ಹೋದಳು. ಏನು ಮಾತಾಡಿದಳೋ. ಹಿಂದಿರುಗಿದಾಗ ಮೂವರೂ ಕೈಹಿಡಿದಿದ್ದರು.

ಕೀರ್ತನೆಯ ಸ್ಥಾನ ಬಿಡುತ್ತೇನೆಂದು ಗುರುಗಳಿಗೆ ಹೇಳಿದೆ.

"ಕೀರ್ತನೆಯ ಎಂಟೂ ರಾಗ ಬೇರೆ ಯಾರಿಗೆ ಬರುತ್ತೆ ಮಾವ? ನನಗೆ ನಾಲ್ಕೇ ಬರೋದು. ಪ್ರಾಯಶ್ಚಿತ್ತ ಬೇಕೇ ಬೇಕು ಅಂದ್ರೆ ಗರಗಸ ಹಿಡೀರಿ. ಇನ್ನೂ ಇಪ್ಪತ್ತೆರಡು ಬುಡ ಇದೆ."

೨೧ ಮಾರ್ಚ್, ಶನಿವಾರ

ಗೇಜು ೩೮. ಇಪ್ಪತ್ತಮೂರೂ ಮುಗಿದವು. ಪ್ರತಿ ಮನೆಯವರು ತಮ್ಮ ತಮ್ಮದನ್ನು ತಾವೇ ಕಡಿದರು. ಆ ಇಬ್ಬರು ತಾಯಂದಿರ ಗಿಡಗಳಲ್ಲಿ ಒಂದಕ್ಕೆ ದಾರವಿತ್ತು. ಅಲ್ಲಿ ಗರಗಸದ ಇನ್ನೊಂದು ಹಿಡಿ ಹಿಡಿದವಳು ದೋಕಿಯಾ. ನನಗೆ ಕಸ ಎಳೆಯುವ ಕೆಲಸ.

ಉತ್ಸಾಹಿಗಳು ಕೆಲವರು ಮಿಕ್ಕದ್ದನ್ನೂ ಬೋಳಿಸೋಣವೆಂದರು. ರುಕ್ಸಾಂದ್ರಾಳಿಗೆ ಫೋನ್ ಮಾಡಿದೆ. "ಬೇಡ ಬೇಡ ತಾತ! ಕೊಡಲಿ ಕಿತ್ಕೊಳ್ಳಿ ಅವರ ಕೈಯಿಂದ! ಎಳೇದೆಲ್ಲಾ ಹೋದ್ರೆ ದಂಡೆ ಎದ್ದು ಹೊಳೆಗೆ ನಡೆದುಬಿಡುತ್ತೆ!" ಕಿತ್ತುಕೊಂಡೆ.

೨೮ ಮಾರ್ಚ್, ಶನಿವಾರ. ಮಧ್ಯಾಹ್ನ ೩

ಗೇಜು ೯೧. ಎರಡು ದಿನದಿಂದ ಬಿಸಿಲು; ಬೆಟ್ಟದ ಹಿಮವೆಲ್ಲ ಒಮ್ಮೆಗೇ ಕರಗಿತು. ಹಿಂದೆ ಇಷ್ಟು ನೀರಿಗೆ ೧೩೦ ದಾಟಿ ದೋಕಿಯಾಳ ಅಡುಗೆಮನೆ ಹೊಗುತ್ತಿತ್ತು. ಇಂದು ಹೊಸ್ತಿಲಿಂದ ಮೂರು ಗೇಣು ಕೆಳಗೆ ಧಾವಿಸಿ ಹೋಗುತ್ತಿದೆ.

ಸೇತುವೆಯ ಮೇಲೆ ಎರಡು ತಾಸು ನಿಂತೆ. ಉಳಿಸಿದ ಎಳೆಯ ನೀರವಂಜಿಗಳು ಒಂದೊಂದಾಗಿ ಮಲಗಿದವು, ದಂಡೆಯನ್ನು ಹೊದೆಸಿದ ಹಾಗೆ. ನೀರು ಅವುಗಳ ಬೆನ್ನ ಮೇಲೆ ಜಾರಿ ಹೋಯಿತು. ದಂಡೆಯ ಒಂದು ಹಿಡಿ ಮಣ್ಣೂ ಕದಲಲಿಲ್ಲ. ಮೂವತ್ತೇಳು ವರ್ಷ ಪಟ್ಟಿಯ ಗೆರೆಗಳನ್ನೇ ನೋಡಿದೆ. ಒಂದು ಗಜ ಆಚೆಗೆ ಕಣ್ಣು ಹಾಯಿಸಲಿಲ್ಲ.

೬ ಏಪ್ರಿಲ್, ಸೋಮವಾರ

ಗೇಜು ೩೩.

ಸುಳಿಬಾನಿ ತಿರುಗಿತು. ಕೀರ್ತನೆ ಹೇಳುತ್ತಿದ್ದವನು ಕೇಳಿ ನಿಲ್ಲಿಸಿದೆ. ನಾಳದಿಂದ ಧುಮುಕುವ ಸದ್ದು, ಅದರ ಕೆಳಗೆ ಹಲಗೆಗಳ ಗುಡುಗು. ದೇವರ ಅಪ್ಪಣೆಯಿಲ್ಲದೆ ಸಾಲಿನ ನಡುವೆ ಎದ್ದು ಹೋದೆ.

ಬಂಡಿಗಟ್ಟಲೆ ಕಂಬಳಿ. ಹೆಂಗಸರ ಸರದಿ ಬೇಲಿಯವರೆಗೆ. ದೋಕಿಯಾ ಉದ್ದ ಕೋಲು ಹಿಡಿದು ಸುಳಿಯೊಳಗಿನ ಕಂಬಳಿಗಳನ್ನು ತಿರುವುತ್ತ ಅರಚುತ್ತಿದ್ದಳು: "ತಳ್ಳಬೇಡ್ರೇ! ಈಸ್ಟರಿಗೆ ಎಲ್ಲರ ಹಾಸಿಗೆನೂ ಬೆಳ್ಳಗಾಗುತ್ತೆ! ಹಾಫಿಯಾ, ನಿನ್ನ ಕಂಬಳಿಗೆ ಮೇಕೆ ವಾಸನೆ, ಕೊನೇಲಿ ಹಾಕ್ತೀನಿ!"

ಮ್ಯೂಸಿಯಮ್ಮಿಗೆ ಏನು ಉತ್ತರ ಕೊಟ್ಟೆಯೆಂದೆ. "ತಿರುಗೋ ಬಾನಿನ ಬಿಚ್ಚೋಕೆ ಬಂದ್ರೆ ಅವರನ್ನೇ ಒಳಗೆ ಹಾಕಿ ಒಗೀತೀನಿ ಅಂತ ಬರೆಸಿದೆ," ಎಂದಳು.

ಇಷ್ಟನ್ನು ನನಗೆ ಹೇಳಿದಳು. ನನ್ನ ಮುಖ ನೋಡಿ ಅಲ್ಲ, ಕಂಬಳಿ ನೋಡಿ. ಅಣ್ಣಾ ಎನ್ನಲಿಲ್ಲ. ಮಾರ್ಚ್ ಒಂದರಿಂದ ಅಂದಿಲ್ಲ.

೧೨ ಏಪ್ರಿಲ್, ಗರಿಗಳ ಭಾನುವಾರ. ಸಂಜೆ

ಗೇಜು ೩೩.

ಕಡ್ಡಿಗಳನ್ನು ಹರಸಿ ಹಂಚಿದರು. ಜನ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತರು. ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ. ಒಬ್ಬಿಬ್ಬರು ನನ್ನ ಕಡೆ ನೋಡಿದರು. ತಲೆ ತಗ್ಗಿಸಿದೆ. ದೇವರ ಪಟದ ಹಿಂದೆ ಇಡಿರೆಂದು ಗುರುಗಳೇ ಹೇಳಿದರು. ಹೋದರು.

ದೋಕಿಯಾ ಹೋಗಲಿಲ್ಲ. ಗೇಟಿನ ಹೊರಗೆ, ನಲವತ್ತೊಂದು ವರ್ಷದ ಹಿಂದೆ ನಿಂತಿದ್ದ ಕಡೆಯಲ್ಲೇ ನಿಂತಿದ್ದಳು. ಕೈಯಲ್ಲಿ ಒಂದೇ ಕಡ್ಡಿ. ತುದಿಯಲ್ಲಿ ಬೂದು ಮೊಗ್ಗು.

"ಅಣ್ಣಾ."

ಹತ್ತಿರ ಹೋದೆ.

"ಇದನ್ನ ಎಲ್ಲಿ ನೆಡ್ಲಿ?"

"ದೋಕಿಯಾ, ಬರೆದಿರುವುದು ಏನೂ ಇಲ್ಲ ಅಂತ…"

"ಪುಸ್ತಕದ ಮಾತು ಯಾರು ಕೇಳಿದ್ರು? ನೀನು ಹೇಳು. ಎಲ್ಲಿ?"

ಇಬ್ಬರೂ ಕೆಳಗಾಲುವೆಯ ದಂಡೆ ಹಿಡಿದು ನಡೆದೆವು. ಅವಳು ಮುಂದೆ, ನಾನು ಹಿಂದೆ. ನೀರಿನ ಅಂಚು ಬಿಟ್ಟು ಮೇಲಕ್ಕೆ, ಇಳಿಜಾರು ನೆತ್ತಿ ಸೇರುವ ಕಡೆ, ಬೇರು ಮಣ್ಣನ್ನು ಹಿಡಿಯಬೇಕಾದ ಕಡೆ ಜಾಗವೊಂದಿತ್ತು. ಅಲ್ಲಿಂದ ಬಾನಿಯ ಸದ್ದು ಕೇಳುತ್ತದೆ. ನಿಂತೆ. ಅವಳೂ ನಿಂತು ಹಿಂದಿರುಗಿ ನನ್ನ ಮುಖವನ್ನೇ ನೋಡಿದಳು. ನಾನು ಹೇಳಿದೆ, "ಇಲ್ಲಿ ನೆಡು. ಅವನಿಗೆ ನಿನ್ನ ಬಾನಿಯ ಸದ್ದು ಕೇಳಿಸುತ್ತದೆ."